ಹದಿನಾರು ಗೆರೆಗಳು

ನಾನು ಕೆಲಸ ಮಾಡುವ ಕಡೆ ಬಿಲ್ಲೆಗಳನ್ನು ತಯಾರಿಸುತ್ತಾರೆ. ಈಜುಕೊಳದಲ್ಲಿ ಬಟ್ಟೆ ಬಿಚ್ಚಿಟ್ಟವರಿಗೆ, ಸಭಾಂಗಣದ ಬಾಗಿಲಲ್ಲಿ ಚೀಲ ಒಪ್ಪಿಸಿದವರಿಗೆ ಕೊಡುತ್ತಾರಲ್ಲ, ನಂಬರು ಕೆತ್ತಿದ ಪ್ಲಾಸ್ಟಿಕ್ ಬಿಲ್ಲೆ, ಅದು. ಇರುವುದು ಎರಡೇ ಕೋಣೆ. ಒಳಗಿನದರಲ್ಲಿ ಕೆತ್ತುವ ಮಷೀನು, ಅದನ್ನು ನಡೆಸುವ ಮಷೀನಣ್ಣ. ಹೊರಗಿನದರಲ್ಲಿ ಕಂಪ್ಯೂಟರು, ಗೋಡೆಗೆ ಮುಖ ಮಾಡಿದ ಕುರ್ಚಿ, ಅದರಲ್ಲಿ ನಾನು.

ನನ್ನ ಕೆಲಸ ನಂಬರು ಬರೆಯುವುದು. ಕಂಪ್ಯೂಟರಿನಲ್ಲಿ ಬರೀ ಅಕ್ಷರ ಬರೆಯುವ ಒಂದು ಸಾದಾ ಕಿಟಕಿ ತೆರೆದು 1 ಎಂದು ಒತ್ತಬೇಕು, ಕೆಳಗಿನ ಸಾಲಿಗೆ ಇಳಿದು 2, ಆಮೇಲೆ 3. ಸಾಲಿಗೊಂದು ನಂಬರು, ನಂಬರಿಗೊಂದು ಬಿಲ್ಲೆ. ಐನೂರು ಬಿಲ್ಲೆ ಬೇಕೆಂದರೆ ಐನೂರು ಸಾಲು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟು ಕೆಲಸ ಸಿಕ್ಕಿದ್ದೇ ಹೆಚ್ಚು ಎಂದು ಭಾವ ಹೇಳುತ್ತಿದ್ದರು. ನಾನು ಅಕ್ಕ ಭಾವನ ಮನೆಯಲ್ಲಿ ಇರುವುದು. ಅಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ಮಾತನಾಡಿಸುವುದೂ ಇಲ್ಲ. ತಟ್ಟೆ ತೊಳೆದಿಟ್ಟ ಸದ್ದಿನಿಂದ ನಾನು ಮನೆಗೆ ಬಂದಿದ್ದೇನೆಂದು ಅವರಿಗೆ ತಿಳಿಯುತ್ತದೆ.

ಶಾಲೆ ಬಿಟ್ಟದ್ದು ದಡ್ಡತನಕ್ಕಲ್ಲ. ಹಾಜರಿ ಕೂಗಿದಾಗ ನನಗೆ ಸ್ವರ ಹೊರಡುತ್ತಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದರೂ ಪುಸ್ತಕದಲ್ಲಿ ಗೈರುಹಾಜರಿ ಬೀಳುತ್ತಿತ್ತು. ಒಂದು ವರ್ಷ ಹಾಗೇ ಆಯಿತು. ಆಮೇಲೆ ನಿಜವಾಗಿಯೂ ಹೋಗುವುದನ್ನು ಬಿಟ್ಟೆ.

ಮಂಗಳವಾರ ಮತ್ತು ಶುಕ್ರವಾರ ನಾಲ್ಕು ಗಂಟೆಗೆ ಗೆರೆ ಮೇಷ್ಟ್ರು ಬರುತ್ತಿದ್ದರು. ಅವರು ಮೇಷ್ಟ್ರಲ್ಲ, ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಆ ಹೆಸರಿಟ್ಟದ್ದು ಮಷೀನಣ್ಣ. ನಮ್ಮ ಬಿಲ್ಲೆಗಳಲ್ಲಿ ಹೆಚ್ಚಿನವು ದುಂಡಗಿರುತ್ತವೆ, ಅವಕ್ಕೆ ಮೇಲು ಕೆಳಗು ಇಲ್ಲ. 68ನ್ನು ತಿರುಗಿಸಿ ಹಿಡಿದರೆ 89 ಆಗುತ್ತದೆ. 6 ಎಂಬುದು 9. ಹಾಗಾಗಿ ತಿರುಗಿಸಿದರೆ ಇನ್ನೊಂದಾಗುವ ನಂಬರಿನ ಬುಡಕ್ಕೆ ಒಂದು ಗೆರೆ ಎಳೆಯಬೇಕು. 69ಕ್ಕೆ ಬೇಡ, ಅದು ಹೇಗೆ ತಿರುಗಿಸಿದರೂ 69. ಕಂಪ್ಯೂಟರಿನಲ್ಲಿ ನಂಬರಿನ ಪಕ್ಕ ಒಂದು ಅಡ್ಡಗೆರೆ ಒತ್ತಿದರೆ ಸಾಕು, ಮಷೀನು ಅದನ್ನು ಬುಡಕ್ಕೆ ಕೆತ್ತುತ್ತದೆ. ಕೈಯಲ್ಲಿ ಒತ್ತಿದ ನಂಬರುಗಳಲ್ಲಿ ತಪ್ಪು ನುಸುಳುವುದರಿಂದ ಇಬ್ಬರು ಕೂತು ಕೂಗಿ ನೋಡುವುದು ನಮ್ಮಲ್ಲಿ ಪದ್ಧತಿ.

ಮೊದಮೊದಲು ಮೇಷ್ಟ್ರು ಕೂಗುತ್ತಿದ್ದರು, ನಾನು ಟಿಕ್ ಹಾಕುತ್ತಿದ್ದೆ. ಒಂದು ದಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನ್ ಕಣ್ಣು ಕೈಕೊಡ್ತಾ ಇದೆ ಕಣಮ್ಮ. ನೀನು ಕೂಗು, ನಾನು ಗೆರೆ ಹೇಳ್ತೀನಿ."

ನಾನು ಪರದೆಯ ಮೊದಲ ಸಾಲನ್ನೇ ನೋಡಿದೆ.

"ನನಗೇನೂ ಅವಸರ ಇಲ್ಲ. ಮನೇಲಿ ಕಾಯೋರು ಅಂದ್ರೆ ಒಂದು ಗಡಿಯಾರ, ಅದೂ ನಿಂತೋಗಿದೆ."

ಎಷ್ಟೋ ಹೊತ್ತಾದ ಮೇಲೆ ನನ್ನ ಬಾಯಿಂದ "ಒಂದು" ಎಂದು ಬಂತು. ಆಮೇಲೆ "ಎರಡು". ಆರಕ್ಕೆ ಬಂದಾಗ ಅವರು "ಗೆರೆ" ಎಂದರು, ಬಾಗಿಲು ತಟ್ಟಿದವರಿಗೆ ಓಗೊಟ್ಟ ಹಾಗೆ. ಅಂದು ಮುನ್ನೂರು ನಂಬರು ಕೂಗಿದೆ. ಮನೆಗೆ ಹೋಗುವಾಗ ಗಂಟಲು ನೋಯುತ್ತಿತ್ತು, ಆ ನೋವು ಹಿತವಾಗಿತ್ತು.

ಹಾಗೆ ಎರಡು ವರ್ಷ ಕಳೆಯಿತು. ನಾವು ಬೇರೆ ಮಾತೇನೂ ಆಡಲಿಲ್ಲ. "ಎಂಬತ್ತಾರು." "ಗೆರೆ." "ಎಂಬತ್ತೇಳು." ಇಷ್ಟೇ.

ಒಂದು ಮಧ್ಯಾಹ್ನ ಬೆರಳು ತಪ್ಪಿ ಆಲ್ಟ್ ಗುಂಡಿಯ ಮೇಲೆ ಬಿದ್ದಿತ್ತು, ಇನ್ನೊಂದು ಕೈ ಮೌಸನ್ನು ಕೆಳಕ್ಕೆಳೆಯಿತು. ಬರೆಯುವ ಜಾಗ ತೋರಿಸುವ, ಮಿಣುಕುವ ಸಣ್ಣ ಕಡ್ಡಿ ಉದ್ದವಾಗಿ ಬೆಳೆದು ಇಪ್ಪತ್ತು ಸಾಲುಗಳ ಉದ್ದಕ್ಕೂ ಒಂದೇ ಕಡ್ಡಿಯಾಗಿ ನಿಂತಿತು. ಒಂದು ಅಕ್ಷರ ಒತ್ತಿದೆ. ಇಪ್ಪತ್ತೂ ಸಾಲಿನಲ್ಲಿ ಅದೇ ಅಕ್ಷರ! ಹೆದರಿ ಅಳಿಸಿದೆ. ಮತ್ತೆ ಮಾಡಿದೆ. ವಾರವೆಲ್ಲ ಕಿಟಕಿಯ ಮೇಲ್ಗಡೆಯ ಮೆನುಗಳನ್ನು, ಪಟ್ಟಿಯೊಳಗಿನ ಪಟ್ಟಿಗಳನ್ನು ಕದ್ದು ನೋಡಿದೆ. ಕೊನೆಗೆ ಒಂದು ಚಿಕ್ಕ ಚೌಕ ಸಿಕ್ಕಿತು. ಎಲ್ಲಿಂದ ಶುರು, ಎಷ್ಟೆಷ್ಟು ಹೆಚ್ಚಬೇಕು, ಮುಂದೆ ಸೊನ್ನೆ ಬೇಕೋ ಬೇಡವೋ ಎಂದು ಕೇಳುತ್ತಿತ್ತು. ಒಂದರಿಂದ, ಒಂದೊಂದೇ, ಸೊನ್ನೆ ಬೇಡ ಎಂದು ತುಂಬಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಂಬರುಗಳು ಸಾಲಾಗಿ ಇಳಿದು ನಿಂತವು. ಒಂದೂ ತಪ್ಪಿಲ್ಲ.

ನಾನೇ ಕಂಡುಹಿಡಿದದ್ದು ಎಂದು ಹೇಳಿಕೊಳ್ಳಲು ಅದುವರೆಗೆ ನನ್ನ ಹತ್ತಿರ ಏನೂ ಇರಲಿಲ್ಲ. ಮನೆಯಲ್ಲಿ ಹೇಳೋಣವೆಂದು ಬಾಯಿ ತೆರೆದೆ. ಅಕ್ಕ, "ಗ್ಯಾಸ್ ಆಫ್ ಮಾಡಿದ್ಯಾ?" ಎಂದಳು. ಹಾಗಾಗಿ ಮರುದಿನ ಕೆಲಸದ ಕಡೆ ನಮ್ಮ ಯಜಮಾನರನ್ನು ಕೈಸನ್ನೆಯಿಂದ ಕರೆದು, ಮಾತಿಲ್ಲದೆ, ಮಾಡಿ ತೋರಿಸಿದೆ.

"ಭಲೇ!" ಎಂದರು ಯಜಮಾನರು. "ಮಷೀನಣ್ಣ, ಬಾರೋ ಇಲ್ಲಿ. ನಮ್ಮ ಮೂಗಿ ನೋಡೋ, ಐನೂರು ನಂಬರು ಒಂದೇ ಏಟಿಗೆ!"

"ಇಷ್ಟು ದಿನ ಎಲ್ಲಮ್ಮಾ ಬಚ್ಚಿಟ್ಟಿದ್ದೆ ಇದನ್ನ?" ಎಂದ ಮಷೀನಣ್ಣ. ನನ್ನ ಕಿವಿ ಬಿಸಿಯಾಯಿತು.

ಯಜಮಾನರು ಅರ್ಧ ನಿಮಿಷ ಪರದೆಯನ್ನೇ ನೋಡಿದರು. "ಅಂದ್ಮೇಲೆ ತಪ್ಪಾಗೋ ಮಾತೇ ಇಲ್ಲ. ಕೂಗಿ ನೋಡೋದು ಯಾಕೆ? ಗೆರೆ ಮೇಷ್ಟ್ರಿಗೆ ಇನ್ನು ಬರೋದು ಬೇಡ ಅಂತ ಹೇಳಿಬಿಡ್ತೀನಿ. ಪಾಪ, ಮೆಟ್ಟಿಲು ಹತ್ತೋ ಕಷ್ಟ ತಪ್ಪಿತು."

ನನ್ನ ಜಾಣತನ ನನ್ನ ತಲೆಯ ಮೇಲೇ ಬಿತ್ತು. ಬೇಡ ಎನ್ನಬೇಕಿತ್ತು. ಸ್ವರ ಹೊರಡಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಸದ್ದಾಗಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಆ ವಾರಗಳಲ್ಲಿ ಬಂದದ್ದೆಲ್ಲ ಚೌಕದ ಬಿಲ್ಲೆಗಳು. ಅವಕ್ಕೆ ಮೇಲ್ಗಡೆ ತೂತಿರುತ್ತದೆ, ಗೆರೆ ಬೇಕಾಗುವುದಿಲ್ಲ. ಒಂದೇ ಏಟಿಗೆ ಕೆಲಸ ಮುಗಿಸಿ ಗೋಡೆ ನೋಡುತ್ತಾ ಕೂರುತ್ತಿದ್ದೆ. ಗೋಡೆಯಲ್ಲಿ ಒಂದು ಬಿರುಕಿದೆ, ಕೆಳಗೆ ಎರಡಾಗಿ ಸೀಳುತ್ತದೆ. ಎರಡು ವರ್ಷದಲ್ಲಿ ಅದನ್ನು ನೋಡಿಯೇ ಇರಲಿಲ್ಲ.

ಆಮೇಲೆ ಈಜುಕೊಳದ ಕೆಲಸ ಬಂತು. ದುಂಡು ಬಿಲ್ಲೆ, ಒಂದರಿಂದ ಆರುನೂರು.

ಆರುನೂರರವರೆಗೆ ಗೆರೆ ಬೇಕಾದ ನಂಬರುಗಳು ಹದಿನಾರು. ತಿರುಗಿಸಿದರೆ ಆರುನೂರು ದಾಟುವವಕ್ಕೆ ಬೇಡ, ಅಂಥ ಬಿಲ್ಲೆಯೇ ಇರುವುದಿಲ್ಲ. ನನಗೆ ಬಾಯಿಪಾಠ: 6, 9, 16, 18, 19, 61, 66, 68, 81, 86, 89, 91, 98, 99, 161, 191. ಪ್ರತಿಯೊಂದರ ಪಕ್ಕ ಅಡ್ಡಗೆರೆ ಒತ್ತಲು ಎರಡು ನಿಮಿಷ ಸಾಕು. ನಂಬರುಗಳನ್ನು ಇಳಿಸಿದೆ. ಆರನೇ ಸಾಲಿನ ತುದಿಯಲ್ಲಿ ಕಡ್ಡಿ ಮಿಣುಕುತ್ತಿತ್ತು. ನಾನು ಒತ್ತಲಿಲ್ಲ.

ಮರೆತೆ ಎಂದು ಈಗಲೂ ಹೇಳಬಹುದು. ಮರೆತಿರಲಿಲ್ಲ. ಬಿಲ್ಲೆಗಳು ವಾಪಸು ಬರುತ್ತವೆ, ಯಜಮಾನರು ನಾಲ್ಕು ಮಾತು ಬೈಯುತ್ತಾರೆ, ಆಮೇಲೆ ಮೇಷ್ಟ್ರನ್ನು ಕರೆಸುತ್ತಾರೆ. ಇಷ್ಟೇ ನನ್ನ ಲೆಕ್ಕ. ಕಡತವನ್ನು ಹಾಗೇ ಮಷೀನಣ್ಣನಿಗೆ ಕಳಿಸಿದೆ.

ಹತ್ತು ದಿನಕ್ಕೆ ಯಜಮಾನರು ಬಿಲ್ಲೆಯ ಚೀಲವನ್ನು ತಂದು ನನ್ನ ಮೇಜಿನ ಮೇಲೆ ಸುರಿದರು.

"ಗೆರೆ ಎಲ್ಲಮ್ಮಾ? ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆಗೆ ಹೋಗಿದೆ!"

ಒಳಗಿನಿಂದ ಮಷೀನಣ್ಣ ನಕ್ಕ. "ಅಳತೆ ಸರಿಹೋಯ್ತಂತಾ?"

"ನಗಬೇಡ. ಒಂದು ಮಗುಗೆ ಉಬ್ಬಸ ಬಂದಿದೆ. ಔಷಧಿ ಇದ್ದಿದ್ದು ಅರವತ್ತೆಂಟರ ಬುಟ್ಟಿಲಿ, ಕೊಳದವರು ತೆಗೆದುಕೊಟ್ಟಿದ್ದು ಎಂಬತ್ತೊಂಬತ್ತರದ್ದು. ಆ ತಾಯಿ ಕಾಲು ಗಂಟೆ ಒದ್ದೆ ಬಟ್ಟೆಲಿ ಕಿರುಚಾಡಿದ್ದಾಳೆ. ಪುಣ್ಯಕ್ಕೆ ಏನೂ ಆಗಲಿಲ್ಲ."

ಪ್ಯಾಂಟಿನವರೆಗೆ ನಾನು ಯೋಚಿಸಿದ್ದೆ. ಮಗುವಿನವರೆಗೆ ಯೋಚಿಸಿರಲಿಲ್ಲ.

ನನ್ನ ಲೆಕ್ಕದಂತೆ, ನಡೆದದ್ದೆಲ್ಲ ಹೇಳಿ ಮೇಷ್ಟ್ರನ್ನು ಕರೆಸಿದರು. ಶುಕ್ರವಾರ ನಾಲ್ಕು ಗಂಟೆಗೆ ಬಂದರು, ಮೊದಲಿಗಿಂತ ನಿಧಾನವಾಗಿ. ಕನ್ನಡಕ ತೆಗೆದಿಟ್ಟರು. ನಾನು ಕೂಗಿದೆ, ಅವರು ಹದಿನಾರು ಸಲ "ಗೆರೆ" ಎಂದರು. ಅರವತ್ತೆಂಟು ಎನ್ನುವಾಗ ನನ್ನ ಧ್ವನಿ ಸೀಳಿತು. ಅವರು ತಲೆಯೆತ್ತಿ ನೋಡಿದರು. ನಾನು ಬೇಕೆಂದೇ ಗೆರೆ ಬಿಟ್ಟದ್ದು ಅಷ್ಟರಲ್ಲೇ ಅವರಿಗೆ ತಿಳಿಯಿತೆಂದು ನನಗೆ ತಿಳಿಯಿತು.

ಆರುನೂರು ಮುಗಿದ ಮೇಲೆ ಯಜಮಾನರು, "ಮೇಷ್ಟ್ರೇ, ಇನ್ನು ಮೊದಲಿನ ಹಾಗೆ ಬಂದುಬಿಡಿ," ಎಂದರು.

ಮೇಷ್ಟ್ರು ಎದ್ದು ನಿಂತರು.

"ಬೇಡಿ ಸ್ವಾಮಿ. ಯಂತ್ರಕ್ಕೆ ತಲೆಕೆಳಗು ಅಂದ್ರೇನು ಗೊತ್ತಿಲ್ಲ, ನಿಜ. ಇವಳಿಗೆ ಗೊತ್ತು. ಹದಿನಾರೂ ನಿದ್ದೆಲಿ ಕೇಳಿದ್ರೂ ಹೇಳ್ತಾಳೆ. ಗೆರೆ ನೋಡೋ ಕೆಲಸ ಇವಳದ್ದೇ ಅಂತ ಮಾಡಿ. ನನ್ನ ಮಂಡಿಗೂ ಸಾಕಾಗಿದೆ."

ಯಜಮಾನರು ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಮೇಷ್ಟ್ರು ಆ ಮಾತಾಡಿದ್ದು ಅದಕ್ಕೇ ಇರಬೇಕು. ನಾನು ಮೆಟ್ಟಿಲವರೆಗೆ ಅವರ ಹಿಂದೆ ಹೋದೆ. ಕಂಬಿ ಹಿಡಿದು ಇಳಿಯುತ್ತಿದ್ದವರು ನಿಂತರು, ತಿರುಗಿ ನೋಡಲಿಲ್ಲ.

"ಯಾರದೋ ಮಗು, ಕಣಮ್ಮ."

ನಾನು ಅವರ ಹಿಂದೆ ಒಂದು ಮೆಟ್ಟಿಲು ಇಳಿದೆ.

"ನಾನು ಬೇಕಿತ್ತು ಅಂದ್ರೆ ಬಾ ಅಂತ ಒಂದು ಮಾತು ಸಾಕಿತ್ತು. ಬ್ಯಾಂಕಿನ ಹಿಂದೆ, ನೀಲಿ ಗೇಟು, ಮೂರನೇ ಮಹಡಿ. ಎಡಗಡೆ ಬಾಗಿಲು." ಇನ್ನೆರಡು ಮೆಟ್ಟಿಲು ಇಳಿದರು. "ಅದನ್ನ ಹೇಳೋಕೆ ಆಗದವಳು ಇಷ್ಟೆಲ್ಲಾ ಮಾಡಿದ್ಯಲ್ಲ."

ಮುಂದಿನ ವಾರಗಳಲ್ಲಿ ಗೆರೆಗಳನ್ನು ನಾನೇ ಒತ್ತಿದೆ, ಎರಡೆರಡು ಸಲ ನೋಡಿದೆ. ನಾಲ್ಕು ಗಂಟೆಗೆ ಮೆಲ್ಲಗೆ ಕೂಗಿಯೂ ನೋಡಿದೆ, ನಂಬರೂ ನಾನೇ, ಗೆರೆಯೂ ನಾನೇ. ಒಳಗೆ ಮಷೀನು ನಿಂತಾಗ ನನ್ನ ಧ್ವನಿ ನನಗೇ ಕೇಳಿ ನಾಚಿಕೆಯಾಗಿ ಬಿಟ್ಟೆ. ಎರಡು ಭಾನುವಾರ ನೀಲಿ ಗೇಟಿನವರೆಗೆ ಹೋಗಿ ವಾಪಸು ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮೂರನೇ ಭಾನುವಾರ ಮಹಡಿ ಹತ್ತಿದೆ. ಎಡಗಡೆಯ ಬಾಗಿಲಿಗೆ ಬಣ್ಣ ಹೋಗಿತ್ತು. ಕೆಳಗೆ ಒಂದೇ ಜೊತೆ ಚಪ್ಪಲಿ. ತಟ್ಟಿದೆ.

"ಯಾರು?"

ಏನೆಂದು ಹೇಳಲಿ? ಶಾಲೆಯಲ್ಲಿ ಹಾಜರಿ ಕೂಗಿದಾಗಿನಂತೆ ನಾಲಿಗೆ ಒಣಗಿತು.

"ಯಾರದು?"

ಇನ್ನು ಮೂರನೇ ಸಲ ಕೇಳಲಾರರು. ಹೆಜ್ಜೆಯ ಸದ್ದು ಆಚೆ ಸರಿಯತೊಡಗಿತು. ಬಾಗಿಲ ಮರಕ್ಕೆ ಹಣೆ ತಾಗಿಸಿ ನಿಂತೆ.

"ಅರವತ್ತೆಂಟು," ಎಂದೆ.

ಹೆಜ್ಜೆ ನಿಂತಿತು. ಆಮೇಲೆ ಚಿಲಕ ಅಲುಗಾಡಿತು, ತುಕ್ಕು ಹಿಡಿದಿತ್ತೇನೋ, ತಟ್ಟನೆ ಸರಿಯಲಿಲ್ಲ.

"ಗೆರೆ," ಎಂದರು ಒಳಗಿನಿಂದ. "ತಡಿ, ತೆಗೀತೀನಿ."