ಎರಡು ಸಲ ತೊಳೆದ ಕಾಲು

"ಹಿಮ್ಮಡಿ ಸರಿಯಾಗಿ ಉಜ್ಜೇ, ಮುದುಕಿ! ನಾಳೆ ಬಿಷಪ್ಪರು ಇದಕ್ಕೆ ಮುತ್ತಿಡೋದು. ಈ ಬೇವರ್ಸಿ ನನ್ಮಕ್ಳ ಕಾಲು ನಾತ ಹೊಡೀಬಾರ್ದು."

ಚರ್ಚಿನಲ್ಲಿ ಫಾದರ್ ಕೈಕೆಳಗಿನ ಉಪದೇಶಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ. ನಾನು ಚರ್ಚಿನ ಹಿಂದಿನ ನಲ್ಲಿಯ ಬಳಿ ಕೂತು, ಎಲ್ಲರೂ ಮೂಟೆ ಮಾವ ಎಂದು ಕರೆಯುವ ಮುದುಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನಿಂದ ಉಜ್ಜುತ್ತಿದ್ದೆ. ಅವನ ಹಿಂದೆ ಇನ್ನೂ ಹನ್ನೊಂದು ಮಂದಿ ಸಾಲಾಗಿ ಕೂತಿದ್ದರು. ಎಲ್ಲರೂ ಚರ್ಚಿನ ಗೋಡೆಯ ಹೊರಗೆ ಮಲಗುವವರು. ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರ ಪಾದ ತೊಳೆದ ನೆನಪಿಗೆ, ವರ್ಷಕ್ಕೊಮ್ಮೆ ಹನ್ನೆರಡು ಬಡವರ ಪಾದ ತೊಳೆಯುವುದು ನಮ್ಮಲ್ಲಿ ಪದ್ಧತಿ. ತೊಳೆಯುವವರಿಗೆ ಅಸಹ್ಯವಾಗದಿರಲೆಂದು ಹಿಂದಿನ ದಿನ, ಗುಡಿಸುವವಳಾದ ನಾನು ತೊಳೆದಿಡುವುದೂ ಪದ್ಧತಿಯೇ.

"ಸ್ವಲ್ಪ ಕೊಳೆ ಬಿಡು ತಾಯಿ," ಎಂದ ಮಾವ, ಕೆಮ್ಮುತ್ತಲೇ. "ಬಿಷಪ್ಪರಿಗೂ ಕೆಲಸ ಬೇಡ್ವಾ?"

ಆ ಕೆಮ್ಮು ಮಳೆಗಾಲದಿಂದ ಅವನನ್ನು ಬಿಟ್ಟಿರಲಿಲ್ಲ. ಹೀಗೇ ಹೊರಗೆ ಮಲಗುತ್ತಿದ್ದರೆ ಉಳಿಯುವುದಿಲ್ಲ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದಳು. ಅದಕ್ಕೇ ನಾನು ಬಿಷಪ್ಪರಿಗೆ ಪತ್ರ ಬರೆದಿದ್ದೆ: ಈ ಹನ್ನೆರಡು ಜನಕ್ಕೆ ರಾತ್ರಿ ಹೊತ್ತು ಚರ್ಚಿನ ಸಭಾಂಗಣ ತೆರೆದುಕೊಡಿ, ಹೇಗೂ ಖಾಲಿ ಬಿದ್ದಿರುತ್ತದೆ. ಆದರೆ ಫಾದರ್ ಮೊಹರು ಹಾಕದೆ ಯಾವ ಪತ್ರವೂ ಮೇಲೆ ಹೋಗಕೂಡದು. ಮೀರಿ ಕಳಿಸಿದರೆ ನಾನಿರುವ ಕೋಣೆ ಹೋಗುತ್ತದೆ, ಅದೂ ಚರ್ಚಿನದೇ. ಕೇಳಿದಾಗಲೆಲ್ಲ ಫಾದರ್, "ಅದಕ್ಕೋಸ್ಕರ ಪ್ರಾರ್ಥನೆ ಮಾಡ್ತಿದೀನಮ್ಮ" ಎನ್ನುತ್ತಿದ್ದರು. ಪತ್ರ ಅವರ ಮೇಜಿನ ಮೇಲೆ, ಹೂದಾನಿಯ ಕೆಳಗೆ, ಆ ಪ್ರಾರ್ಥನೆಯನ್ನು ಕೇಳುತ್ತಾ ಬಿದ್ದಿತ್ತು.

ಅಂದು ರಾತ್ರಿ ಮಾತ್ರ ಸಭಾಂಗಣದ ಬೀಗ ತೆಗೆದರು. ತೊಳೆದ ಕಾಲು ಬೀದಿಯಲ್ಲಿ ಮತ್ತೆ ಕೊಳೆಯಾಗಬಾರದಲ್ಲ! ಮಾವ ಬೆಚ್ಚಗೆ ಹೊದ್ದು ಗೊರಕೆ ಹೊಡೆದ. ಕೆಮ್ಮಲಿಲ್ಲ.

ಮರುದಿನ ಬಿಷಪ್ಪರು ಮನೆಯಿಲ್ಲದವರ ಬಗ್ಗೆ ಪ್ರಸಂಗ ಮಾಡಿದರು. ಮುಂದಿನ ಸಾಲಿನ ಅಮ್ಮಂದಿರು ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಅಷ್ಟು ಚೆನ್ನಾಗಿ ಮಾತಾಡಿದರು. ಆಮೇಲೆ ಮೊಣಕಾಲೂರಿ ಮಾವನ ಪಾದದ ಮೇಲೆ ನೀರು ಬಿಟ್ಟರು.

ಮಾವ ಬಗ್ಗಿ ಕೇಳಿದ: "ಸ್ವಾಮಿ, ಕಾಲು ನಿನ್ನೆನೇ ತೊಳ್ದಾಯ್ತು. ಇವತ್ತು ರಾತ್ರಿನೂ ಒಳಗೇ ಮಲಗ್ಲಾ?"

ಬಿಷಪ್ಪರು ಮೃದುವಾಗಿ ನಕ್ಕರು. "ಒಂದು ಅರ್ಜಿ ಬರೆದು ಫಾದರ್ ಕೈಲಿ ಕೊಡಪ್ಪ." ಪಾದಕ್ಕೆ ಮುತ್ತಿಟ್ಟು ಪಕ್ಕದವನ ಕಾಲಿಗೆ ಸರಿದರು.

ಸಂಜೆ ಅವರ ಕಾರು ಹೊರಟದ್ದೇ ತಡ, ಉಪದೇಶಿ ಸಭಾಂಗಣಕ್ಕೆ ಬೀಗ ಜಡಿದು ಹನ್ನೆರಡೂ ಜನರನ್ನು ಗೇಟಿನಾಚೆ ದಬ್ಬಿದ.

"ನಡೀರೋ! ಪಾದ ತೊಳಸ್ಕೊಂಡ್ರಲ್ಲ, ಇನ್ನು ತಲೆ ಮೇಲೆ ಕೂರಿಸ್ಕೋಬೇಕಾ?"

ಮಾವ ಗೋಡೆ ಹಿಡಿದುಕೊಂಡು ಕೆಮ್ಮತೊಡಗಿದ. ಕೆಮ್ಮು ನಿಲ್ಲಲೇ ಇಲ್ಲ.

ನಾನು ಫಾದರ್ ಕೋಣೆ ಗುಡಿಸಲು ಹೋದೆ. ಹೂದಾನಿ ಎತ್ತಿದೆ. ಮೊಹರಿನ ಜಾಗ ಖಾಲಿಯೇ ಇತ್ತು. ಅಲ್ಲೇ ನೆಲದ ಮೇಲೆ ಕೂತು ಒಂದು ಪದ ಹೊಡೆದುಹಾಕಿ ಇನ್ನೊಂದು ಬರೆದೆ. ಲಕೋಟೆ ಅಂಟಿಸಿ, ರಸ್ತೆಯಾಚೆಯ ಅಂಚೆ ಡಬ್ಬಿಯ ಕಡೆ ನಡೆದೆ.

ಉಪದೇಶಿ ಓಡಿ ಬಂದ. "ಮೊಹರಿಲ್ದೆ ಕಳಿಸ್ತೀಯೇನೇ? ನಾಳೆನೇ ಕೋಣೆ ಖಾಲಿ ಮಾಡಿಸ್ತೀನಿ, ನೋಡ್ತಿರು!"

"ಗೊತ್ತಪ್ಪ," ಎಂದೆ. "ಅದಕ್ಕೇ ಹನ್ನೆರಡು ಜನ ಅನ್ನೋದನ್ನ ಹೊಡೆದು, ಹದಿಮೂರು ಅಂತ ಬರೆದಿದೀನಿ."

ಲಕೋಟೆ ಡಬ್ಬಿಯೊಳಗೆ ಬಿತ್ತು.