ಹೆಸರು ಮರೆಪ್ಪ, ಊರು ಟಿಕೋಟಾ

ಹುಣಸೆಬೀಜದಷ್ಟು ಉಳಿದಿತ್ತು. ದೀಪಾವಳಿಯ ಹೊತ್ತಿಗೆ ವೀಳ್ಯದೆಲೆಯಷ್ಟು ಅಗಲವಿದ್ದ ಬಿಳಿ ಕಲೆ ಈಗ ಬರೀ ಹುಣಸೆಬೀಜ.

ಟಿಕೋಟಾದಿಂದ ವಿಜಾಪುರಕ್ಕೆ ಹೊರಟ ಬಸ್ಸಿನಲ್ಲಿ ಕೂತು ವಿಜ್ಞಾನದ ಮಾಸ್ತರ ಮುರ್ತುಜಾಸಾಬ ಪಕ್ಕದವನ ಮುಂಗೈಯನ್ನು ಕದ್ದು ನೋಡುತ್ತಿದ್ದ. ಸುತ್ತಲಿಂದ ಬಣ್ಣ ಬಂದು ತುಂಬಿಕೊಂಡಿತ್ತು. ಎಂಥ ಚರ್ಮ! ಹೈಸ್ಕೂಲಿನಲ್ಲಿ ಗಂಟೆ ಬಾರಿಸುವ ಮರೆಪ್ಪನ ಚರ್ಮ. ಅದಕ್ಕೆ ಬಿ.ಎಸ್ಸಿ. ಆಗಿರಲಿಲ್ಲ, ಬಿ.ಎಡ್. ಆಗಿರಲಿಲ್ಲ, ವಾಸಿಯಾಗುವುದು ಹೇಗೆಂದು ಮಾತ್ರ ಗೊತ್ತಿತ್ತು.

"ಏನ್ ನೋಡಾಕತ್ತೀರಿ ಸರ?"

"ಏನಿಲ್ಲ. ಔಷಧ ಹಚ್ಚೀಯೋ ಇಲ್ಲೋ ಅಂತ."

"ನಾ ಮರತರೂ ನಮ್ಮ ಪರಸವ್ವ ಬಿಡೂದಿಲ್ರಿ. ಅಂಗಳದಾಗ ಕುಂಡ್ರಿಸಿ ತಾನ ಹಚ್ತಾಳ. ಬಿಸಲಾಗ ಕೈ ಚಾಚಿ ಕುಂತ್ನೆಂದ್ರ ಓಣಿ ಮಂದೆಲ್ಲಾ ಮಾತಾಡಿಸಿಕೋತ ಹೋಗ್ತಾರ್ರಿ. ನಿನ್ನ ಕೈ ಎಷ್ಟಕ್ಕ ಬಂತೋ ಅಂತ ಕೇಳ್ತಾರ." ಮರೆಪ್ಪ ನಕ್ಕ.

ಹೆಂಡತಿ ಹಚ್ಚುತ್ತಾಳಂತೆ, ಅದೂ ಅಂಗಳದಲ್ಲಿ. ಮುರ್ತುಜಾಸಾಬ ಕೊರಳ ಗುಂಡಿಯನ್ನು ಮುಟ್ಟಿ ನೋಡಿಕೊಂಡ. ಹಾಕಿಯೇ ಇತ್ತು. ಮಾರ್ಚ್ ತಿಂಗಳ ಸೆಕೆಯಲ್ಲೂ ಹಾಕಿಯೇ ಇರುವ ಗುಂಡಿ.

ಆ ಗುಂಡಿಯ ಕೆಳಗೆ ಅವನದೂ ಒಂದು ಕಲೆ ಇತ್ತು. ಮೊದಲು ಎದೆಯೆಲುಬಿನ ಮೇಲೆ ಅಕ್ಕಿಕಾಳಿನಷ್ಟು. ಹೆಂಡತಿ ಸುಗರಾಬಿ ಬಾಣಂತನಕ್ಕೆಂದು ಬಬಲೇಶ್ವರದ ತವರಿಗೆ ಹೋದ ಮೇಲೆ ಕಂಡದ್ದು. ಈಗ ಅಂಗೈಯಗಲವಾಗಿ ಕೊರಳಪಟ್ಟಿಗೆ ಒಂದು ಬೆರಳು ಕೆಳಗೆ ಬಂದು ನಿಂತಿತ್ತು. ಬರುವ ಶುಕ್ರವಾರ ಸುಗರಾಬಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬರುವವಳಿದ್ದಳು.

ಬಬಲೇಶ್ವರದ ಆ ಮನೆಯನ್ನು ಅವನು ಬಲ್ಲ. ಅಲ್ಲಿ ಪೀರಾಂಬಿ ಎಂಬ ಚಿಕ್ಕಮ್ಮ ಇದ್ದಳು. ತುಟಿ ಬಿಳಿ, ಬೆರಳ ತುದಿ ಬಿಳಿ. ಅವಳ ತಾಟು ಲೋಟಗಳಿಗೆ ಬೇರೆಯೇ ಒಂದು ಗೂಡು. ಮನೆಯ ಕೂಸುಗಳನ್ನು ಅವಳು ದೂರದಿಂದಲೇ ಚಿಟಿಕೆ ಹೊಡೆದು ಆಡಿಸುತ್ತಿದ್ದಳು. ಮದುವೆಯ ದಿನ ಅದನ್ನು ಕಂಡ ಬಿ.ಎಸ್ಸಿ. ಅಳಿಯ ಏನಾದರೂ ಹೇಳಿದನೇ? ಬಿರಿಯಾನಿ ಚೆನ್ನಾಗಿದೆ ಎಂದಿದ್ದ.

ಒಂಬತ್ತನೆಯ ಇಯತ್ತೆಗೆ ಚರ್ಮದ ಪಾಠ ಅವನೇ ಹೇಳುತ್ತಿದ್ದ. 'ಬಿಳಿ ಕಲೆ ಅಂಟುರೋಗವಲ್ಲ' ಎಂದು ನೋಟ್ಸು ಬರೆಸಿ, ಅಡಿಗೆರೆ ಎಳೆಯಿರಿ ಎಂದು ಹೇಳಿದ್ದ. ಹುಡುಗರು ಎಳೆದಿದ್ದರು. ಕೂಸಿಗೆ ಹೆಸರಿಟ್ಟ ದಿನ ಮಾತ್ರ ಅದನ್ನು ಎತ್ತಿಕೊಳ್ಳುವಾಗ ಮೈಗೆ ತಾಗದಂತೆ ನಡುವೆ ಶಾಲು ಹಿಡಿದುಕೊಂಡಿದ್ದ.

ಸೊಲ್ಲಾಪುರದ ಚರ್ಮದ ಡಾಕ್ಟರು ತಿಂಗಳಿಗೊಮ್ಮೆ, ಎರಡನೆಯ ರವಿವಾರ, ವಿಜಾಪುರದಲ್ಲಿ ಒಂದು ಔಷಧದಂಗಡಿಯ ಮಾಳಿಗೆಯ ಮೇಲೆ ಕೂಡುತ್ತಿದ್ದರು. ಸುತ್ತಲ ಊರುಗಳಿಗೆಲ್ಲ ಅವರೊಬ್ಬರೇ. ಅಲ್ಲಿಗೆ ಹೋಗಬೇಕಾದರೆ ಕಂಪೌಂಡರ ದಶರಥನಿಗೆ ಹೆಸರು, ಊರು, ರೋಗ ಮೂರನ್ನೂ ಹೇಳಬೇಕು. ಸರತಿ ಬಂದಾಗ ಅವನು ಆ ಮೂರನ್ನೂ ಪೇಟೆಗೆಲ್ಲ ಕೇಳುವ ಹಾಗೆ ಕೂಗುತ್ತಾನೆ.

ಆಗ ಹೊಳೆದದ್ದು ಮರೆಪ್ಪನ ಕೈ. ಎರಡು ವರ್ಷದಿಂದ ಆ ಕಲೆಯನ್ನು ಹೊತ್ತುಕೊಂಡು ಆರಾಮಾಗಿದ್ದವನನ್ನು 'ಬಾ, ತೋರಸೂಣು' ಎಂದು ಮುರ್ತುಜಾಸಾಬನೇ ಎಬ್ಬಿಸಿಕೊಂಡು ಹೋಗಿದ್ದ. ರೋಗಿ ಮರೆಪ್ಪ; ಕೇಳುವವನು, ತಿಳಿದುಕೊಳ್ಳುವವನು ಮಾಸ್ತರ. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಅವನ ದೊಡ್ಡ ಮನಸ್ಸನ್ನು ಹೊಗಳಿದ್ದರು. ಹುಡುಗರು ಚಪ್ಪಾಳೆ ತಟ್ಟಿದ್ದರು.

ಚೀಟಿಯಲ್ಲಿದ್ದ ಔಷಧದ ಎರಡು ಸೀಸೆ ಕೊಂಡಿದ್ದ. ಒಂದು ಮರೆಪ್ಪನಿಗೆ. ಇನ್ನೊಂದು ಟ್ರಂಕಿನಲ್ಲಿ. ಹಚ್ಚಿಕೊಂಡು ಹತ್ತು ಮಿನಿಟು ಬಿಸಿಲಿಗೆ ಕೂಡಬೇಕೆಂದು ಡಾಕ್ಟರು ಹೇಳಿದ್ದರು. ಮರೆಪ್ಪ ಅಂಗಳದಲ್ಲಿ ಕೂತ. ಮುರ್ತುಜಾಸಾಬ ಬಾಗಿಲಿಗೆ ಅಗಳಿ ಹಾಕಿ, ಬೆಳಕಿಂಡಿಯಿಂದ ನೆಲಕ್ಕೆ ಬೀಳುವ ಕರವಸ್ತ್ರದಷ್ಟು ಬಿಸಿಲಿನಲ್ಲಿ ಅಂಗಿ ಬಿಚ್ಚಿ ಅಂಗಾತ ಮಲಗಿದ. ಬಿಸಿಲು ಸರಿದಂತೆ ತಾನೂ ಸರಿದ. ಆತುರಕ್ಕೆ ಒಂದು ದಿನ ಹೆಚ್ಚು ಹೊತ್ತು ಮಲಗಿ ಗುಳ್ಳೆ ಎದ್ದವು. ಗುಳ್ಳೆ ಒಡೆದವು. ಕಲೆ ಬೆಳೆಯಿತು.

"ಸರ," ಎಂದ ಮರೆಪ್ಪ, ಗುಮ್ಮಟ ಕಾಣಿಸಿಕೊಂಡ ಮೇಲೆ. "ನೀವೂ ಒಮ್ಮಿ ತೋರಸ್ರಲಾ."

"ನಾ ಏನ್ ತೋರಸಲಿ?"

ಮರೆಪ್ಪ ಕಿಟಕಿಯ ಹೊರಗೆ ನೋಡಿದ. "ಏನಿಲ್ರಿ. ಕಣ್ಣು ಕೆಂಪಾಗ್ಯಾವು, ಅದಕ್ಕಂದೆ."

"ಡಾಕ್ಟರು ಚರ್ಮದವರು. ಕಣ್ಣಿನವರಲ್ಲ."

ಮಾಳಿಗೆಯ ಮೇಲೆ ರೋಗಿಗಳು ಕೂಡುವ ಬಾಕುಗಳೆಲ್ಲ ತುಂಬಿದ್ದವು. ದಶರಥ ಒಂದು ಹೆಸರು ಕೂಗಿ, "ಬಿಜ್ಜರಗಿ, ಗಜಕರ್ಣ!" ಎಂದ; ಮುದುಕನೊಬ್ಬ ಎದ್ದುಹೋದ. ಇನ್ನೊಂದು ಹೆಸರು, "ಕನಮಡಿ, ಇಸಬು!" ಹೆಂಗಸೊಬ್ಬಳು ಸೆರಗು ಮುಖದ ಮೇಲೆಳೆದುಕೊಂಡು ಎದ್ದಳು. ಕೊನೆಗೆ, "ಮರೆಪ್ಪ, ಟಿಕೋಟಾ, ಬಿಳಿ ಕಲಿ!" ಮರೆಪ್ಪ ಜಾತ್ರೆಯಲ್ಲಿ ಬಹುಮಾನಕ್ಕೆ ಕರೆದವರ ಹಾಗೆ ನಗುತ್ತ ಎದ್ದ.

ಡಾಕ್ಟರು ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಭೂತಗನ್ನಡಿ ಹಿಡಿದರು. ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿದರು.

"ಛಾನ! ಬಹಳ ಛಲೋ ಬಂದದ. ಏನ್ ಪುಣ್ಯಾ ಮಾಡೀಯೋ ಮಾರಾಯಾ!"

"ನಂದೇನೈತ್ರಿ. ಸರ ಕರಕೊಂಡು ಬಂದ್ರು," ಎಂದ ಮರೆಪ್ಪ.

ಆ ಹೆಬ್ಬೆರಳು. ಐದು ತಿಂಗಳಿಂದ ತನ್ನ ಚರ್ಮವನ್ನು ಯಾರೂ ಮುಟ್ಟಿಲ್ಲ ಎಂಬುದು ಮುರ್ತುಜಾಸಾಬನಿಗೆ ಥಟ್ಟನೆ ನೆನಪಾಯಿತು. ಮುಟ್ಟಿದರೆ ಇವನ ಕೈಯನ್ನೇ ಮುಟ್ಟಬೇಕೇ? ಹಾಳಾಗಿ ಹೋಗಲಿ ಈ ಕೈ. ಮತ್ತೆ ಬೆಳ್ಳಗಾಗಲಿ. ಹಾಗೆಂದುಕೊಂಡದ್ದು ತಾನೇ ಎಂದು ತಿಳಿದು ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಬೆಳ್ಳಗಾಗಲಿ.

"ಡಾಕ್ಟರ, ಕೊರಳಿನ ಕಡೆ ಹಬ್ಬಾಕತ್ತಿದ್ರ ಏನ್ ಮಾಡೂದ್ರಿ?"

"ಇವಂಗ ಕೊರಳಾಗ ಎಲ್ಲದ?"

"ಇಲ್ರಿ. ಒಂದ ವ್ಯಾಳೆ ಹಬ್ಬಿದ್ರ ಅಂತ."

"ಹಬ್ಬಿದ ಮನಷ್ಯಾನ್ನ ಕರಕೊಂಡು ಬರ್ರಿ. ನೋಡದ ಔಷಧ ಹೇಳಾಕ ಬರೂದಿಲ್ಲ. ಇವಂದು ಇವಂಗಷ್ಟ." ಡಾಕ್ಟರು ಚೀಟಿಗೆ ಅಡ್ಡಗೆರೆ ಎಳೆದರು. "ಇನ್ನ ಇವ ಬರೂದು ಬ್ಯಾಡ. ಆರಾಮಾತು."

ಮುರ್ತುಜಾಸಾಬ ಹೊರಗೆ ಬಂದ. ಆರಾಮಾತಂತೆ. ಇನ್ನು ಯಾರ ಬೆನ್ನಿಗೆ ನಿಂತು ಬರುವುದು? ಶುಕ್ರವಾರಕ್ಕೆ ಐದೇ ದಿನ. ಗುಣವಾಗುವುದಂತೂ ಇಲ್ಲ. 'ಇದು ಹರಡುವುದಿಲ್ಲ, ಕೂಸನ್ನು ಎತ್ತಿಕೊಳ್ಳಬಹುದು' ಎಂದು ಡಾಕ್ಟರ ಕೈಯ ಒಂದು ಚೀಟಿ ಸಿಕ್ಕರೂ ಸಾಕು. ಗಂಡನ ಮಾತನ್ನಲ್ಲದಿದ್ದರೂ ಸೊಲ್ಲಾಪುರದ ಮಾತನ್ನು ಸುಗರಾಬಿ ನಂಬಿಯಾಳು.

"ಮರೆಪ್ಪ, ನೀ ಕೆಳಗ ಹೋಗಿ ಚಾ ಕುಡದಿರು. ಬಂದೆ."

ದಶರಥನ ಮೇಜಿನ ಮುಂದೆ ಒಬ್ಬನೇ ನಿಂತ. ದಶರಥ ಪೆನ್ನು ಹಿಡಿದ. "ಹೆಸರ್ರಿ?"

ಮುರ್ತುಜಾಸಾಬ ಬಾಯಿ ತೆರೆದ. "ನಮಸ್ಕಾರ್ರಿ ಮಾಸ್ತರ," ಎಂದಿತು ಬಾಕಿನಿಂದ ಒಂದು ದನಿ. ಟಿಕೋಟಾದ ನೀಲಾಬಾಯಿ, ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನ ತಾಯಿ. "ನೀವೂ ಇಲ್ಲಿ? ಏನಾಗೇತ್ರಿ?"

"ನನಗೇನಿಲ್ಲವ್ವ." ಅವನು ದಶರಥನ ಕಡೆ ತಿರುಗಿದ. "ಮರೆಪ್ಪ. ಟಿಕೋಟಾ."

"ಈಗ ತೋರಿಸಿದ್ರಲ್ರಿ?"

"ಒಂದು ಕೇಳೂದು ಉಳದೈತಿ. ಬರಕೋರಿ."

ದಶರಥ ಬರೆದುಕೊಂಡ. ಹೆಸರು ಯಾರದ್ದಾದರೇನು, ಒಳಗೆ ಹೋಗುವವನು ತಾನೇ ಅಲ್ಲವೇ. ಪರದೆ ದಾಟಿದರೆ ಅಂಗಿ ಬಿಚ್ಚುವುದು, ನೋಡ್ರಿ ಅನ್ನುವುದು, ಅಷ್ಟೇ. ಗೋಡೆಯ ಕಡೆ ಮುಖ ಮಾಡಿ ಕೂತು ಮುರ್ತುಜಾಸಾಬ ಕೊರಳ ಗುಂಡಿ ಬಿಚ್ಚಿದ. ಕೊರಳಿಗೆ ಗಾಳಿ ಬಡಿಯಿತು. ಎಷ್ಟು ತಣ್ಣಗಿತ್ತು! ಕಣ್ಣಲ್ಲಿ ನೀರು ಬಂತು.

"ಮರೆಪ್ಪ, ಟಿಕೋಟಾ, ಬಿಳಿ ಕಲಿ!"

ಮುರ್ತುಜಾಸಾಬ ಎದ್ದ.

"ಬಂದೇರಿ!" ಎಂದಿತು ಮೆಟ್ಟಿಲಿನಿಂದ ಒಂದು ದನಿ. ಮಾಸ್ತರರಿಗೆಂದು ತಂದ ಚಹಾದ ಕಪ್ಪನ್ನು ಬಸಿಯಿಂದ ಮುಚ್ಚಿಕೊಂಡು ಮರೆಪ್ಪ ದಡಬಡ ಹತ್ತಿ ಬಂದ. "ಮತ್ಯಾಕ ಕರದ್ರಿ ಸರ?"

ಬಾಕಿನ ಮೇಲಿದ್ದವರೆಲ್ಲ ಇಬ್ಬರನ್ನೂ ನೋಡಿದರು. ನೀಲಾಬಾಯಿಯೂ ನೋಡಿದಳು. ಮುರ್ತುಜಾಸಾಬನ ಕೈ ತಾನಾಗಿ ಕೊರಳಿಗೆ ಹೋಯಿತು. ಮರೆಪ್ಪನ ಕಣ್ಣು ಆ ಕೈಯ ಮೇಲೆ ಒಂದು ಗಳಿಗೆ ನಿಂತಿತು.

"ನಾ ಹೋಗಲೇನ್ರಿ ಸರ?" ದನಿ ತಗ್ಗಿಸಿ ಕೇಳಿದ. "ಇಲ್ಲಾ, ನೀವು ಹೋಗ್ತೀರೇನ್ರಿ?"

"ನಾ ಯಾಕ?" ಎಂದ ಮುರ್ತುಜಾಸಾಬ. "ನಿನ್ನ ಹೆಸರ ಕರದಾರಲ್ಲ. ಹೋಗು."

ಮರೆಪ್ಪ ಕಪ್ಪನ್ನು ಅವನ ಕೈಗಿಟ್ಟು ಒಳಗೆ ಹೋದ. ಬಾಗಿಲ ಪರದೆ ಪೂರ್ತಿ ಮುಚ್ಚಿಕೊಳ್ಳಲಿಲ್ಲ. "ಮತ್ತ ಬಂದ್ಯಾ? ಕೊರಳಿಗೆ ಹಬ್ಬ್ಯದೇನು? ಅಂಗಿ ತಗಿ," ಎಂದಿತು ಡಾಕ್ಟರ ದನಿ.

ಸಂದಿಯಲ್ಲಿ ಕಂಡಿತು: ಮರೆಪ್ಪ ಅಂಗಿ ಬಿಚ್ಚಿ ಕಿಟಕಿಯ ಬಿಸಿಲಿಗೆ ನಿಂತಿದ್ದ. ಡಾಕ್ಟರು ಭೂತಗನ್ನಡಿ ಹಿಡಿದು ಅವನ ಬೆನ್ನು, ಭುಜ, ಕೊರಳು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ, ಅವನನ್ನು ಸುತ್ತ ತಿರುಗಿಸಿ ತಿರುಗಿಸಿ, ಆ ಕರಿಯ ನುಣುಪಾದ ಮೈಮೇಲೆ ಇಲ್ಲದ ಕಲೆಯನ್ನು ಹುಡುಕುತ್ತಿದ್ದರು.