ಮಾನಮ್ಮನ ಹೆಸರು ಓದಿದ ಫೋನು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಫೋನಿನದಲ್ಲ, ಆರೋಗ್ಯ ಕಾರ್ಯಕರ್ತೆ ನೇತ್ರಾವತಿಯದಂತೂ ಅಲ್ಲವೇ ಅಲ್ಲ. ರಾಯಚೂರಿನಲ್ಲಿ ಕುಳಿತು ಆ್ಯಪು ಬರೆಯುವ ಅಪೇಕ್ಷಾ ಎಂಬ ನಾನು, ಬಾಗಲವಾಡದ ಮಾನಮ್ಮನ ಬದುಕಿಗೆ ಕಲ್ಲು ಹಾಕಿದೆ.

ಒಂದು ಆರೋಗ್ಯ ಸಂಸ್ಥೆಗೆ ಎರಡು ಆ್ಯಪು ಮಾಡಿಕೊಟ್ಟಿದ್ದೆ. ಎರಡೂ ನೇತ್ರಾವತಿಯ ಫೋನಿನಲ್ಲಿದ್ದವು. ಒಂದು ಗುಳಿಗೆಯ ಆ್ಯಪು: ಯಾರಿಗೆ ಯಾವ ಕಾಯಿಲೆ, ಗುಳಿಗೆ ಯಾವತ್ತು ಮುಗಿಯುತ್ತದೆ ಎಂಬುದೆಲ್ಲ ಅದರಲ್ಲಿ, ಬೀಗದೊಳಗೆ. ಇನ್ನೊಂದು ಹೆಂಗಸರ ಸಭೆಯ ಆ್ಯಪು. ಓದಲು ಬಾರದವರೂ ಇರುತ್ತಾರೆಂದು ಅದು ಹಾಜರಿಯನ್ನು ಗಟ್ಟಿಯಾಗಿ ಓದುತ್ತಿತ್ತು.

"ಒಂದ ಹೆಸರು ಎರಡೆರಡು ಕಡಿ ಬರದು ಬರದು ಬೆರಳು ಸವದಾವ್ರಿ ಮೇಡಂ," ಎಂದು ನೇತ್ರಾವತಿ ಗೋಳಾಡಿದಳು. ಹಾಳಾಗಿ ಹೋಗಲಿ ಎಂದು ಗುಳಿಗೆಯ ಆ್ಯಪಿಗೆ ಒಂದು ಕಿಂಡಿ ಇಟ್ಟೆ. ನಮ್ಮ ಕಸುಬಿನಲ್ಲಿ ಅದಕ್ಕೆ ಡೇಟಾ ಪ್ರೊವೈಡರ್ ಅನ್ನುತ್ತಾರೆ. ಸಭೆಯ ಆ್ಯಪು ಆ ಕಿಂಡಿಯಲ್ಲಿ ಕೇಳಬೇಕು, ಒಳಗಿನಿಂದ ಹೆಸರು ಮತ್ತು ಊರು ಮಾತ್ರ ಕೊಡಬೇಕು. ನಾನೋ, ಪುಣ್ಯಾತ್ಗಿತ್ತಿ, ಇಡೀ ಸಾಲನ್ನೇ ಕೊಡು ಎಂದು ಬರೆದೆ. ಆಮೇಲೆ ತಿದ್ದಿದರಾಯಿತು ಎಂದುಕೊಂಡು ಮರೆತೆ. ಸಭೆಯ ಆ್ಯಪು ಬಂದದ್ದನ್ನೆಲ್ಲ ಓದುತ್ತಿತ್ತು, ಖಾಲಿ ಜಾಗವನ್ನಷ್ಟೇ ಬಿಡುತ್ತಿತ್ತು.

ಪರೀಕ್ಷೆ ಮಾಡಲಿಲ್ಲವೇ ಅನ್ನುತ್ತೀರಿ. ಮಾಡಿದೆ, ಮನೆಯವರ ಹೆಸರುಗಳನ್ನೇ ಹಾಕಿ. ಅಮ್ಮ ಸತ್ಯಭಾಮಾಬಾಯಿಯ ಹೆಸರಿನ ಮುಂದೆ ಕಾಯಿಲೆಯ ಜಾಗ ತುಂಬಲು ಹೊರಟಾಗ ಅವಳು ಹಿಂದೆಯೇ ನಿಂತಿದ್ದಳು. "ಅಯ್ಯ, ನನ್ನ ಹೆಸರಿನ ಮುಂದ ರೋಗ ಬರಿಯಾಕತ್ತಿಯೇನ? ಬಿಡ್ತು ಅನ್ನು!" ಎಂದು ಕೈ ಹಿಡಿದಳು. "ಬಿಡ್ತು," ಎಂದೆ. ಓದಿದ್ದು ಎಂಜಿನಿಯರಿಂಗ್ ಆದರೇನು, ನನಗೂ ಬೆರಳು ಏಳಲಿಲ್ಲ. ಎಲ್ಲರ ಮುಂದೆಯೂ ಕಾಯಿಲೆಯ ಜಾಗ, ಗುಳಿಗೆಯ ಜಾಗ ಎರಡೂ ಖಾಲಿ ಬಿಟ್ಟೆ. ಫೋನು ಹೆಸರು, ಊರು ಓದಿ ಸುಮ್ಮನಾಯಿತು. ಭೇಷ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಕಳಿಸಿಕೊಟ್ಟೆ.

ಬಾಗಲವಾಡದ ಅಂಗನವಾಡಿಯಲ್ಲಿ ಮೂವತ್ತು ಹೆಂಗಸರ ನಡುವೆ ಅದು ಓದಿತು: "ಮಾನಮ್ಮ. ಬಾಗಲವಾಡ. ಎಚ್‌ಐವಿ. ಗುಳಿಗೆ ಮುಗಿಯುವುದು ಇಪ್ಪತ್ತನೇ ತಾರೀಖು." ನೇತ್ರಾವತಿ ಫೋನನ್ನು ಸೆರಗಿನಲ್ಲಿ ಅದುಮಿ ಹಿಡಿದಳಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಾನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಗಂಡ ಸತ್ತ ಮೇಲೆ ಅವಳಿಗೆ ಆ ಒಲೆಯೇ ಆಸರೆ. ಮರುದಿನ ವಿರೂಪಣ್ಣ, ಮೊಮ್ಮಕ್ಕಳು ಅದೇ ಶಾಲೆಯಲ್ಲಿ ಉಣ್ಣುವ ತಾತ, ಊರವರನ್ನು ಕಟ್ಟಿಕೊಂಡು ಶಾಲೆಯ ಬಾಗಿಲಿಗೆ ಅಡ್ಡ ನಿಂತ. ಅಡುಗೆಯಿಂದ ಆ ಕಾಯಿಲೆ ಹರಡುವುದಿಲ್ಲ ಎಂದು ನೇತ್ರಾವತಿ ಗಂಟಲು ಹರಿದುಕೊಂಡಳು. ಯಾರೂ ಕೇಳಲಿಲ್ಲ.

ಕಿಂಡಿ ಸರಿಪಡಿಸಿ ಬಸ್ಸು ಹತ್ತಿ ಹೋದೆ. ಬೈಯಲಿ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಹೊಸ್ತಿಲಲ್ಲಿ ಕೂತಿದ್ದ ಮಾನಮ್ಮ ಒಂದೇ ಮಾತು ಕೇಳಿದಳು.

"ಅಕ್ಕಾರ, ಆ ಫೋನು ಹೇಳಿದ್ದಕ್ಕ ಊರು ನಂಬ್ಯಾದ. ಅದು ಸುಳ್ಳಂತ ಅದರ ಬಾಯಿಲೇ ಹೇಳಸ್ತೀರೇನ್ರಿ?"

ಹೇಳಿಸಿದೆ. ನಿಜ ಬರೆಯುವಾಗ ಇಲ್ಲದ ಎಚ್ಚರ ಸುಳ್ಳು ಬರೆಯುವಾಗ ಎಲ್ಲಿತ್ತೋ, ಬಂತು. ಮುಂದಿನ ಸಭೆಗೆ ಊರವರನ್ನೆಲ್ಲ ಕರೆಸಿದೆವು. "ಬೇರೆ ಊರಿನವರ ಮಾಹಿತಿ ಮಾನಮ್ಮನ ಹೆಸರಿಗೆ ತಪ್ಪಾಗಿ ಸೇರಿತ್ತು," ಎಂದು ಫೋನು ಓದಿತು. ನಾನೂ ಎದ್ದು ಕೈ ಮುಗಿದು ಅದನ್ನೇ ಹೇಳಿದೆ. "ಮಷೀನಿಗೂ ತಲಿ ಕೆಡ್ತದ ನೋಡ್ರಿ!" ಎಂದು ವಿರೂಪಣ್ಣ ನಕ್ಕ. ಮರುದಿನ ಮಾನಮ್ಮ ಒಲೆ ಹಚ್ಚಿದಳೆಂದು ತಿಳಿದು ಸಂತೋಷಕ್ಕೆ ಅತ್ತುಬಿಟ್ಟೆ. ಎಂಥ ಮೂರ್ಖಳು ನಾನು.

ಆ ತಿಂಗಳು ಅವಳು ಗುಳಿಗೆ ತರಲು ಮಾನ್ವಿಯ ಆಸ್ಪತ್ರೆಗೆ ಹೋಗಲಿಲ್ಲ. ನೇತ್ರಾವತಿ ಮನೆಗೆ ಬಂದರೆ ಬಾಗಿಲು ತೆರೆಯಲಿಲ್ಲ. ಮತ್ತೆ ಬಸ್ಸು ಹತ್ತಿದೆ.

"ಮಾನ್ವಿ ಆಸ್ಪತ್ರಿ ಮುಂದ ನಮ್ಮೂರ ಮಂದಿ ಇದ್ದ ಇರ್ತಾರ್ರಿ," ಎಂದಳು ಮಾನಮ್ಮ. "ಎಲ್ಲಾರ ಕಣ್ಣು ನನ್ನ ಮ್ಯಾಲ ಅದ. ಒಬ್ಬರು ನೋಡಿದ್ರೂ ಮೊದಲು ಹೇಳಿದ್ದ ಖರೇ ಆಗ್ತದ."

"ಗುಳಿಗಿ ಬಿಟ್ರ ಜೀವಕ್ಕ ಕುತ್ತು, ಯವ್ವಾ. ದೇವದುರ್ಗದಾಗ ನಿಮ್ಮ ಗುರ್ತು ಯಾರಿಗೂ ಇಲ್ಲ. ಅಲ್ಲಿಗೆ ಹೋಗೋಣು ಬರ್ರಿ, ಹೆಸರು ಬರಸೂಣು, ಮುಂದ ನಾನ ತಂದು ಕೊಡ್ತೀನಿ," ಎಂದು ಗೋಗರೆದೆ.

"ಅಲ್ಲೂ ಬರಸೂದ ಅದ, ಹೌದಿಲ್ಲೋ?" ಎಂದು ನನ್ನ ಮುಖ ನೋಡಿದಳು. "ಬ್ಯಾಡ್ರಿ ಅಕ್ಕಾರ. ಒಮ್ಮಿ ಬರಸಿ ಸಾಕಾಗ್ಯಾದ." ಮಕ್ಕಳ ಊಟದ ಹೊತ್ತಾಯಿತೆಂದು ಎದ್ದು ಶಾಲೆಗೆ ನಡೆದಳು.

ಗುಳಿಗೆ ಬಿಟ್ಟು ಈಗ ಏಳು ತಿಂಗಳು. ಮಾನಮ್ಮ ಸೊರಗಿದ್ದಾಳೆ, ಕೆಮ್ಮು ನಿಲ್ಲುತ್ತಿಲ್ಲ. ಒಲೆಯ ಹೊಗೆ ಹತ್ತಿದೆ ಎಂದು ಊರವರು ಮರುಗುತ್ತಾರಂತೆ. ನಾನು ಬಾಯಿ ಬಿಟ್ಟರೆ ಅವಳಿಗೆ ಊರಿಲ್ಲ, ಬಿಡದಿದ್ದರೆ ಅವಳೇ ಇಲ್ಲ. ನಿನ್ನೆ ವಿರೂಪಣ್ಣ ನೇತ್ರಾವತಿಯಿಂದ ನಂಬರು ಇಸಿದುಕೊಂಡು ನನಗೆ ಫೋನು ಮಾಡಿದ.

"ಮೇಡಂ, ರಾಯಚೂರಾಗ ಯಾರರ ಛಲೋ ಡಾಕ್ಟರ್ ಇದ್ರ ಹೇಳ್ರಿ. ಪಾಪ, ಮಾನಮ್ಮಗ ಏನಾಗ್ಯಾದೋ ಯಾರಿಗೂ ಗೊತ್ತಾಗವಲ್ದು."